ಅಪ್‌ಡೇಟ್: ಪಶ್ಚಿಮದ ರೂಮಿನ ಕಿಟಕಿ ಬದಲಾಯಿಸಿದೆವು
ಏಪ್ರಿಲ್‌ನಲ್ಲಿ ಕೇಳಿದ್ದೆ: ದಾವಣಗೆರೆಯ ನಮ್ಮ ಮನೆಯ ಪಶ್ಚಿಮದ ರೂಮು ರಾತ್ರಿ ಹತ್ತಾದರೂ ಒಲೆಯ ಹಾಗೆ ಕಾದಿರುತ್ತೆ, ಏಸಿ ಹಾಕಿಸಲೇಬೇಕಾ ಅಂತ. ಹಾಕಿಸಲಿಲ್ಲ.

ಮೊದಲು ಕಿಟಕಿಯ ಹೊರಗೆ ಬಿದಿರಿನ ಪರದೆ ಕಟ್ಟಿದೆವು. ಸಂಜೆ ಬಿಸಿಲು ಓರೆಯಾಗಿ ಬೀಳುತ್ತೆ, ಸಜ್ಜಾ ಅದನ್ನು ತಡೆಯಲ್ಲ. ಒಳಗಿನ ಕರ್ಟನ್ನೂ ಅಷ್ಟಕ್ಕಷ್ಟೇ. ಬಿಸಿಲು ಗಾಜು ದಾಟಿದ ಮೇಲೆ ಕಾವು ಒಳಗೆ ಬಂದ ಹಾಗೇ ಅಲ್ವಾ?

ಆಮೇಲೆ ಸ್ಲೈಡಿಂಗ್ ಕಿಟಕಿ ತೆಗೆಸಿದೆ. ಅದು ಎಷ್ಟು ಎಳೆದರೂ ತೆರೆಯೋದು ಅರ್ಧವೇ. ಈಗ ಮರದ ಜೋಡಿ ಕದ, ಪೂರ್ತಿ ತೆರೆಯುತ್ತೆ. ಎದುರು ಬಾಗಿಲ ಮೇಲೆ ಗೋಡೆ ಒಡೆಸಿ ವೆಂಟಿಲೇಟರ್ ಇಡಿಸಿದೆ. ಮೇಲೇರಿದ ಬಿಸಿ ಗಾಳಿಗೆ ಅಲ್ಲೊಂದು ದಾರಿಯಾಯಿತು. ಮೂರು ದಿನ ಮನೆ ತುಂಬಾ ಧೂಳು, ಮೇಸ್ತ್ರಿ ಜೊತೆ ಜಗಳ ಬೇರೆ.

ರೂಮು ತಣ್ಣಗಾಯಿತು ಅಂತ ಸುಮ್ನೆ ಹೇಳಲ್ಲ, ಆದರೆ ನಿದ್ದೆ ಬರುತ್ತೆ. ಎಣಿಸದೇ ಇದ್ದ ಲಾಭ ಇನ್ನೊಂದು. ಕಿಟಕಿಗೆ ಅಗಲವಾದ ಕಟ್ಟೆ ಬಂತು. ಅಮ್ಮ ಈಗ ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಾರೆ, ಪಕ್ಕದ ಮನೆಯವರ ಜೊತೆ ಮಾತೂ ಅಲ್ಲಿಂದಲೇ. ಗಾಳಿ ಜಾಸ್ತಿಯಾದರೆ ಮಾತ್ರ ಬಾಗಿಲು ಧಡಾರ್ ಅಂತ ಬಡಿಯುತ್ತೆ. ಸದ್ಯಕ್ಕೆ ಹಳೇ ರುಬ್ಬುಗುಂಡು ಅಡ್ಡ ಇಟ್ಟಿದ್ದೇವೆ.