ಕಾರ್ಡ್ ಮಾಡಿದ್ದು ಸಾವಿರ, ನೆನಪಿರೋದು ನೂರೂ ಇಲ್ಲ: ಫ್ಲ್ಯಾಶ್‌ಕಾರ್ಡ್ ಸರಿಯಾಗಿ ಬರೆಯೋದು ಹೇಗೆ?

ತೀರ್ಥಹಳ್ಳಿ ಓದು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯವಳು. ಡಿಗ್ರಿ ಮುಗಿದು ಎರಡು ವರ್ಷ ಆಯಿತು, ಪಿಡಿಒ ಮತ್ತು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಕೋಚಿಂಗ್‌ಗೆ ಅಂತ ದಿನಾ ಶಿವಮೊಗ್ಗಕ್ಕೆ ಹೋಗಿ ಬರುವುದು ಆಗುವ ಮಾತಲ್ಲ, ಹಾಗಾಗಿ ಮನೆಯಲ್ಲೇ ಓದು.

ನಾಲ್ಕು ತಿಂಗಳ ಹಿಂದೆ ಮೊಬೈಲಿಗೆ ಆಂಕಿ ಹಾಕಿಕೊಂಡೆ. ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡ್ ತೋರಿಸುವ ಆ್ಯಪ್ ಅದು; ಉತ್ತರ ಬಂತೋ ಇಲ್ಲವೋ ಅಂತ ನಾವು ಬಟನ್ ಒತ್ತಿದ ಮೇಲೆ, ಆ ಕಾರ್ಡ್ ಮತ್ತೆ ಯಾವತ್ತು ತೋರಿಸಬೇಕು ಅಂತ ಅದೇ ಲೆಕ್ಕ ಹಾಕುತ್ತದೆ. ಇಲ್ಲಿಯವರೆಗೆ ಸುಮಾರು 1,400 ಕಾರ್ಡ್ ಮಾಡಿದ್ದೇನೆ. ಮೊದಲ ತಿಂಗಳು ಖುಷಿಯಾಗಿತ್ತು. ಈಗ ಬೆಳಿಗ್ಗೆ ತೆರೆದರೆ ದಿನಾ ಸರಿಯಾಗಿ 200 ಕಾರ್ಡ್ ಕಾಯುತ್ತಿರುತ್ತವೆ, ಎರಡು ಗಂಟೆ ಕೂತರೂ ಮುಗಿಯುವುದಿಲ್ಲ, ನೋಡಿದ್ದೇ ಮತ್ತೆ ಬರುತ್ತದೆ, ಮತ್ತೆ ತಪ್ಪುತ್ತದೆ. ಹೋದ ವಾರ ಹಳೇ ಪ್ರಶ್ನೆಪತ್ರಿಕೆ ಬಿಡಿಸಿದೆ. ಕಾರ್ಡಿನಲ್ಲಿ ಇದ್ದ ವಿಷಯಗಳೇ ಬಂದಿದ್ದವು. ಅರ್ಧಕ್ಕರ್ಧ ತಪ್ಪು. ಅವತ್ತು ರಾತ್ರಿ ಊಟ ಸೇರಲಿಲ್ಲ.

ನನ್ನ ಒಂದು ಕಾರ್ಡ್ ಹೀಗಿದೆ. ಮುಂದೆ: «ಶರಾವತಿ ನದಿ». ಹಿಂದೆ: «ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುತ್ತದೆ. ಪಶ್ಚಿಮಕ್ಕೆ ಹರಿಯುವ ನದಿ. ಜೋಗದಲ್ಲಿ 253 ಮೀಟರ್ ಎತ್ತರದಿಂದ ಧುಮುಕುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲು. ಲಿಂಗನಮಕ್ಕಿ ಅಣೆಕಟ್ಟು, 1964. ಹೊನ್ನಾವರದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ.»

ಕಾರ್ಡ್ ಬರೆಯುವುದರಲ್ಲೇ ನನ್ನದು ತಪ್ಪಿದೆಯಾ? ಅಥವಾ ಈ ವಿಧಾನವೇ ನನಗೆ ಆಗಿ ಬರುವುದಿಲ್ಲವಾ? ತಿಳಿದವರು ದಯವಿಟ್ಟು ಹೇಳಿ.

ಸಾಗರದ ಮೇಷ್ಟ್ರು

ನೋಡಮ್ಮ, ಮೊದಲು ಒಂದು ಮಾತು. ನಿನ್ನ ನೆನಪಿನ ಶಕ್ತಿಯಲ್ಲಿ ಏನೂ ಕೊರತೆ ಇಲ್ಲ. ಒಂದು ಕಾರ್ಡ್ ಮತ್ತೆ ಮತ್ತೆ ತಪ್ಪುತ್ತಿದೆ ಅಂದರೆ ಹತ್ತರಲ್ಲಿ ಒಂಬತ್ತು ಸಲ ದೋಷ ಕಾರ್ಡಿನದು. ನಾನು ಪಿಯು ಮಕ್ಕಳಿಗೆ ಪಾಠ ಮಾಡುವವನು, ಇದನ್ನು ಪ್ರತಿ ವರ್ಷ ನೋಡುತ್ತೇನೆ.

ನಿನ್ನ ಶರಾವತಿ ಕಾರ್ಡನ್ನೇ ತಗೊಳ್ಳೋಣ. ಮುಂದೆ ಪ್ರಶ್ನೆಯೇ ಇಲ್ಲ, ಬರೀ ಹೆಸರಿದೆ. ಹಿಂದೆ ಏಳೆಂಟು ಸಂಗತಿ ಇವೆ. ನೀನು ಐದು ಹೇಳಿ ಎರಡು ಮರೆತರೆ ಯಾವ ಬಟನ್ ಒತ್ತುತ್ತೀಯ? ತಪ್ಪು ಅಂತ ಒತ್ತಿದರೆ ಗೊತ್ತಿರುವ ಐದೂ ನಾಳೆ ಮತ್ತೆ ಬರುತ್ತವೆ. ಸರಿ ಅಂತ ಒತ್ತಿದರೆ ಮರೆತ ಎರಡು ಹದಿನೈದು ದಿನ ಮುಖ ತೋರಿಸುವುದಿಲ್ಲ. ಸುಮಾರು ಜನ ಕೊನೆಗೆ ಏನು ಮಾಡುತ್ತಾರೆ ಅಂದರೆ, ಹಿಂದಿನ ಪುಟ ಓದಿ «ಹೂಂ, ಇದು ಗೊತ್ತಿತ್ತು» ಅಂತ ಮುಂದೆ ಹೋಗುತ್ತಾರೆ. ಅಲ್ಲಿಗೆ ಅದು ಬರೀ ಓದಾಯಿತು. ನೆನಪಿನಿಂದ ಎಳೆದು ತೆಗೆಯುವ ಕೆಲಸ ನಡೆಯಲೇ ಇಲ್ಲ.

ಆ ಎಳೆದು ತೆಗೆಯುವುದರಲ್ಲೇ ಎಲ್ಲ ಇರುವುದು. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಾದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಮಾಡಿದರೆ ಮುಚ್ಚಿ ಬರೆದವರು ಮುಂದು. ಓದಿದ ತಕ್ಷಣ «ಬಂತು» ಅನ್ನಿಸುತ್ತದಲ್ಲ, ಅದನ್ನು ನಂಬಬಾರದು.

ಈಗ ಕಾರ್ಡನ್ನು ಒಡೆಯೋಣ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ, ಒಂದೇ ಉತ್ತರ.

«ಶರಾವತಿ ಹುಟ್ಟುವುದು ಎಲ್ಲಿ?» ಅಂಬುತೀರ್ಥ.
«ಶರಾವತಿ ಸಮುದ್ರ ಸೇರುವುದು ಯಾವ ಊರಿನ ಬಳಿ?» ಹೊನ್ನಾವರ.
«ಲಿಂಗನಮಕ್ಕಿ ಅಣೆಕಟ್ಟು ಯಾವ ನದಿಗೆ?» ಶರಾವತಿ.

ಕಾರ್ಡಿನ ಸಂಖ್ಯೆ ಜಾಸ್ತಿ ಆಯಿತಲ್ಲ ಅಂತ ಹೆದರಬೇಡ. ಇಂಥ ಕಾರ್ಡಿಗೆ ಐದಾರು ಸೆಕೆಂಡ್ ಸಾಕು, ಬಂದದ್ದು ಬೇಗ ದೂರ ಹೋಗುತ್ತದೆ, ಬಾರದ್ದು ಮಾತ್ರ ಹತ್ತಿರ ಉಳಿಯುತ್ತದೆ.

ಇನ್ನೊಂದು ಬಗೆಯ ಕಾರ್ಡ್ ನಿನ್ನಲ್ಲಿ ಇಲ್ಲವೇ ಇಲ್ಲ ಅನ್ನಿಸುತ್ತದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. «ಯಾಕೆ» ಅಂತ ಕೇಳುವ ಕಾರ್ಡ್. ನಿಮ್ಮ ಪೇಟೆಯಲ್ಲೇ ತುಂಗೆ ಹರಿಯುತ್ತಾಳೆ, ಅಂಬುತೀರ್ಥವೂ ನಿಮ್ಮ ತಾಲ್ಲೂಕಿನಲ್ಲೇ ಇದೆ. ಆದರೆ ತುಂಗೆಯ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಶರಾವತಿ ನೀರು ಅರಬ್ಬೀ ಸಮುದ್ರಕ್ಕೆ. ಒಂದೇ ತಾಲ್ಲೂಕಿನ ಮಳೆ ಎರಡು ಕಡಲಿಗೆ ಯಾಕೆ ಹೋಗುತ್ತದೆ? ಘಟ್ಟದ ಸಾಲಿನಲ್ಲಿ ನೀರು ಇಬ್ಭಾಗ ಆಗುವ ಏಣು ಇವೆರಡರ ನಡುವೆ ಇದೆ. ಇಷ್ಟು ಒಮ್ಮೆ ಅರ್ಥ ಆದರೆ «ಪಶ್ಚಿಮಕ್ಕೆ ಹರಿಯುವ ನದಿಗಳು ಯಾವುವು» ಅಂತ ಉರು ಹೊಡೆಯುವ ಕೆಲಸ ಅರ್ಧ ಕಡಿಮೆ ಆಗುತ್ತದೆ.

ಅರ್ಥ ಆಗದ ವಿಷಯಕ್ಕೆ ಕಾರ್ಡ್ ಮಾಡಲೇಬೇಡ. ಮೊದಲು ಪಾಠ ಓದಿ, ಪುಸ್ತಕ ಮುಚ್ಚಿ, ನಿನ್ನ ಮಾತಿನಲ್ಲಿ ಹೇಳಿಕೋ. ಆಮೇಲೆ ಕಾರ್ಡ್. ಗೈಡಿನ ಸಾಲನ್ನು ಹಾಗೇ ಇಳಿಸಿದರೆ ಅದು ಗೈಡಿನದೇ ಆಗಿ ಉಳಿಯುತ್ತದೆ.

ಮತ್ತೆ ಆ 200. ಆಂಕಿಯಲ್ಲಿ ದಿನಕ್ಕೆ 200 ರಿವ್ಯೂ, ಅಂದರೆ ಹಳೇ ಕಾರ್ಡ್ ಮತ್ತೆ ನೋಡುವುದು, ಅನ್ನುವುದು ಮೊದಲೇ ಹಾಕಿಟ್ಟ ಮಿತಿ. ದಿನಾ ಸರಿಯಾಗಿ 200 ಕಾಣುತ್ತಿದೆ ಅಂದರೆ ಅದರ ಹಿಂದೆ ಇನ್ನೂ ರಾಶಿ ಇದೆ ಅಂತ. ಹೊಸ ಕಾರ್ಡಿನ ಸಂಖ್ಯೆಯನ್ನು ಎರಡು ವಾರ ಸೊನ್ನೆ ಮಾಡು. ಆ ಹೊತ್ತಿನಲ್ಲಿ ಹಳೇ ಕಾರ್ಡ್ ಒಡೆಯುತ್ತಾ ಹೋಗು.

ನರ್ಸಿಂಗ್ ಮೂರನೇ ವರ್ಷ

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ ಅಕ್ಕ. ನಾನು ಶಿವಮೊಗ್ಗದಲ್ಲಿ ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿ ನಾಲ್ಕು ಜನ ಆಂಕಿಯನ್ನೇ ನಂಬಿಕೊಂಡಿದ್ದೇವೆ.

ಬಟನ್ ವಿಷಯ. ಉತ್ತರ ಬರಲಿಲ್ಲ ಅಂದರೆ ‘ಅಗೇನ್’ ಒತ್ತಬೇಕು, ‘ಹಾರ್ಡ್’ ಅಲ್ಲ. ‘ಹಾರ್ಡ್’ ಅಂದರೆ ಕಷ್ಟಪಟ್ಟೆ ಆದರೆ ಬಂತು ಅಂತ ಅರ್ಥ. ನಾನು ಮೊದಲ ವರ್ಷ ಪೂರ್ತಿ ಮರೆತಿದ್ದಕ್ಕೆಲ್ಲ ‘ಹಾರ್ಡ್’ ಒತ್ತಿದೆ. ಇವಳಿಗೆ ಬಂತು ಅಂತ ಆಂಕಿ ಲೆಕ್ಕ ಹಾಕಿ, ಬಾರದ ಕಾರ್ಡನ್ನೂ ದೂರ ತಳ್ಳುತ್ತಾ ಹೋಯಿತು. ಸರಿ ಮಾಡಿಕೊಳ್ಳಲು ಒಂದು ತಿಂಗಳು ಬೇಕಾಯಿತು.

ಎಂಟು ಸಲ ತಪ್ಪಿದ ಕಾರ್ಡಿಗೆ ಆಂಕಿ ತಾನೇ ‘ಲೀಚ್’ ಅಂತ ಗುರುತು ಹಾಕುತ್ತದೆ. ಲೀಚ್ ಅಂದರೆ ನಮ್ಮ ಇಂಬಳ. ಹೆಸರು ಸರಿಯಾಗೇ ಇಟ್ಟಿದ್ದಾರೆ, ಒಂದೊಂದೇ ಕಾರ್ಡ್ ಗೊತ್ತಾಗದ ಹಾಗೆ ಸಮಯ ಹೀರುತ್ತಿರುತ್ತದೆ. ಆಂಕಿಯೊಳಗೇ ಇರುವ ಕಾರ್ಡ್ ಬ್ರೌಸರ್‌ನಲ್ಲಿ ಆ ಗುರುತು ಇರುವ ಕಾರ್ಡ್‌ಗಳನ್ನೆಲ್ಲ ಒಟ್ಟಿಗೆ ತೆಗೆದು ನೋಡಿ. ನನ್ನ ಲೀಚ್‌ಗಳಲ್ಲಿ ಮುಕ್ಕಾಲು ಪಾಲು ಜೋಡಿ ಜೋಡಿಯಾಗಿ ಇದ್ದವು, ಅಂದರೆ ಎರಡು ಕಾರ್ಡ್ ಒಂದಕ್ಕೊಂದು ಅಡ್ಡ ಬರುತ್ತಿದ್ದವು. ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ ಆದಾಗ ಇಸಿಜಿಯಲ್ಲಿ ಏನು ಕಾಣುತ್ತದೆ, ಕಡಿಮೆ ಆದಾಗ ಏನು, ಇವೆರಡೂ ನನಗೆ ಅದಲು ಬದಲು. ಬೇರೆ ಬೇರೆ ಎಷ್ಟು ಸಲ ನೋಡಿದರೂ ಹತ್ತಲಿಲ್ಲ. ಕೊನೆಗೆ ಎರಡನ್ನೂ ಎದುರು ಬದುರು ಇಟ್ಟು ಒಂದು ಕಾರ್ಡ್ ಮಾಡಿದೆ: «ಟಿ ಅಲೆ ಚೂಪಾಗಿ ಎತ್ತರಕ್ಕೆ ಎದ್ದಿದೆ, ಪೊಟ್ಯಾಸಿಯಂ ಜಾಸ್ತಿಯೋ ಕಡಿಮೆಯೋ?» ಜಾಸ್ತಿ. ಅಲ್ಲಿಂದ ತಪ್ಪಿಲ್ಲ.

ನಿಮಗೆ ಸಂವಿಧಾನದ 73 ಮತ್ತು 74ನೇ ತಿದ್ದುಪಡಿ ಹೀಗೇ ಆಗುತ್ತಿರಬಹುದು ಅಲ್ವಾ? «ಹಳ್ಳಿ ಮೊದಲು, ಪೇಟೆ ಆಮೇಲೆ» ಅಂತ ಇಟ್ಟುಕೊಳ್ಳಿ. 73 ಪಂಚಾಯಿತಿ, 11ನೇ ಅನುಸೂಚಿ, 29 ವಿಷಯ. 74 ನಗರಗಳು, 12ನೇ ಅನುಸೂಚಿ, 18 ವಿಷಯ. ಪಿಡಿಒಗೆ ಇದು ಬೇಕೇ ಬೇಕು.

ನಕ್ಷೆ ಇದ್ದರೆ ಚಿತ್ರದ ಕಾರ್ಡ್ ಮಾಡಿ. ಚಿತ್ರದ ಮೇಲೆ ಚೌಕ ಎಳೆದು ಹೆಸರು ಮುಚ್ಚುವ ಸೌಲಭ್ಯ ಇದೆ, ಇಮೇಜ್ ಅಕ್ಲೂಷನ್ ಅಂತಾರೆ. ನಾವು ಹೃದಯದ ಭಾಗಗಳನ್ನು ಹಾಗೇ ಕಲಿತದ್ದು. ನೀವು ಕರ್ನಾಟಕದ ನದಿ ನಕ್ಷೆ ಹಾಕಿ.

ಹೊಸನಗರ ತೋಟ

ನಾನು ಆ್ಯಪ್ ಬಳಸುವವನಲ್ಲ. ನಮ್ಮಲ್ಲಿ ಮಳೆ ಶುರುವಾದರೆ ಕರೆಂಟ್ ಮೂರು ದಿನ ಬರುವುದಿಲ್ಲ, ಮೊಬೈಲ್ ಚಾರ್ಜ್ ಮಾಡಲು ಪೇಟೆಗೆ ಹೋಗಬೇಕು. ಮಗಳ ಎಸ್ಸೆಸ್ಸೆಲ್ಸಿಗೆ ಕಾಗದದಲ್ಲೇ ಮಾಡಿದೆವು.

ಲಗ್ನಪತ್ರಿಕೆಗಳು ಮನೆಯಲ್ಲಿ ರಾಶಿ ಬಿದ್ದಿರುತ್ತವೆ. ದಪ್ಪ ಕಾಗದ, ಒಂದು ಮಗ್ಗಲು ಖಾಲಿ. ಒಂದೇ ಅಳತೆಗೆ ಕತ್ತರಿಸಿ, ಖಾಲಿ ಮಗ್ಗಲಲ್ಲಿ ಮೇಲೆ ಪ್ರಶ್ನೆ, ಕೆಳಗೆ ಉತ್ತರ ಬರೆದು, ಉತ್ತರ ಮುಚ್ಚುವ ಹಾಗೆ ಮಡಚಿದೆವು. ಚಪ್ಪಲಿ ಡಬ್ಬಿಗೆ ರಟ್ಟು ಇಟ್ಟು ಐದು ಖಾನೆ. ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೆ, ಮೂರನೆಯದು ವಾರಕ್ಕೆ, ನಾಲ್ಕನೆಯದು ಹದಿನೈದು ದಿನಕ್ಕೆ, ಐದನೆಯದು ತಿಂಗಳಿಗೆ. ಸರಿ ಹೇಳಿದರೆ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದರೆ ಎಲ್ಲೇ ಇದ್ದರೂ ಮೊದಲನೇ ಖಾನೆಗೆ ವಾಪಸ್. ಈ ಖಾನೆಗಳ ಉಪಾಯ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಅವರದು, 1970ರ ದಶಕದ್ದು. ದಿನಗಳ ಲೆಕ್ಕ ನಮ್ಮದು.

ಮಳೆಗಾಲದಲ್ಲಿ ಕಾಗದ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಡಬ್ಬಿಯನ್ನು ಬಚ್ಚಲೊಲೆ ಹತ್ತಿರದ ಗೂಡಿನಲ್ಲಿ ಇಟ್ಟೆವು. ಬಾಲ್ ಪೆನ್ ಒಳ್ಳೆಯದು, ಶಾಯಿ ಹರಡುತ್ತದೆ.

ಕೈಯಲ್ಲಿ ಬರೆಯುವುದರಿಂದ ಒಂದು ಲಾಭ ಇದೆ ಮಗಳೇ, ಬೇಡದ್ದನ್ನು ಬರೆಯುವುದಿಲ್ಲ. ಪಟ್ಟಿಗಳನ್ನೂ ಹಾಗೆ ಬರೆಯಬಾರದು. ಕೆಳದಿ ನಾಯಕರ ರಾಜಧಾನಿಗಳು ಕೆಳದಿ, ಇಕ್ಕೇರಿ, ಬಿದನೂರು ಅಂತ ಒಂದೇ ಕಾರ್ಡಿನಲ್ಲಿ ಇಟ್ಟಾಗ ನನ್ನ ಮಗಳು ನಡುವಿನದನ್ನೇ ನುಂಗುತ್ತಿದ್ದಳು. «ಕೆಳದಿ ಬಿಟ್ಟು ಎಲ್ಲಿಗೆ ಹೋದರು?», «ಇಕ್ಕೇರಿ ಬಿಟ್ಟು ಎಲ್ಲಿಗೆ?», «1763ರಲ್ಲಿ ಬಿದನೂರನ್ನು ಗೆದ್ದವರು ಯಾರು?» ಅಂತ ಮಾಡಿದ ಮೇಲೆ ಹೈದರಾಲಿಯವರೆಗೆ ಕಥೆಯ ಹಾಗೆ ಹೇಳುತ್ತಿದ್ದಳು. ಬಿದನೂರು ಅಂದರೆ ಈಗ ‘ನಗರ’ ಅಂತ ಕರೆಯುವ ನಮ್ಮ ಕಡೆಯ ಊರು, ಕೋಟೆ ತೋರಿಸಿಕೊಂಡು ಬಂದೆ. ಆ ಕಾರ್ಡ್ ಮತ್ತೆ ಮೊದಲ ಖಾನೆಗೆ ಬಂದಿಲ್ಲ.

ತೀರ್ಥಹಳ್ಳಿ ಓದು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಕೂತು 60 ಕಾರ್ಡ್ ಒಡೆದೆ. ಲೀಚ್ ಗುರುತಿನವು 112 ಇದ್ದವು! ನೋಡುತ್ತಾ ಹೋದರೆ ಅವುಗಳಲ್ಲಿ 40 ಕಾರ್ಡ್ ಯಾವ ಹಳೇ ಪ್ರಶ್ನೆಪತ್ರಿಕೆಯಲ್ಲೂ ಬರುವಂಥವಲ್ಲ, ಗೈಡಿನಲ್ಲಿ ಇತ್ತು ಅಂತ ಸುಮ್ನೆ ಇಳಿಸಿದ್ದು. ಅಳಿಸಿಬಿಟ್ಟೆ. ಅಳಿಸುವಾಗ ಕೈ ನಡುಗಿತು, ಅಳಿಸಿದ ಮೇಲೆ ಹಗುರ ಆಯಿತು.

ಮೇಷ್ಟ್ರೇ, ಈ ಮೂರು ಹೊಸದು ಸರಿ ಇದೆಯಾ ನೋಡಿ.
1. «ತುಂಗಾ ಮತ್ತು ಭದ್ರಾ ಸೇರುವುದು ಕೂಡ್ಲಿಯಲ್ಲಾ?» ಹೌದು.
2. «ಗಾಜನೂರು ಅಣೆಕಟ್ಟು ಯಾವ ನದಿಗೆ?» ತುಂಗಾ.
3. «ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ತಿದ್ದುಪಡಿ?» 61ನೇ ತಿದ್ದುಪಡಿ.

ಸಾಗರದ ಮೇಷ್ಟ್ರು

ಎರಡು ಮತ್ತು ಮೂರು ಚೆನ್ನಾಗಿವೆ. ಗಾಜನೂರಿನ ಪಕ್ಕದಲ್ಲೇ «ಲಕ್ಕವಳ್ಳಿ ಅಣೆಕಟ್ಟು ಯಾವ ನದಿಗೆ?» ಅಂತ ಭದ್ರೆಯದೂ ಮಾಡು, ಅವೆರಡು ಮುಂದೆ ಅದಲು ಬದಲು ಆಗುತ್ತವೆ.

ಒಂದನೆಯದನ್ನು ಬದಲಿಸು. ಹೌದು, ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಬೇಡ, ಉತ್ತರ ಪ್ರಶ್ನೆಯ ಒಳಗೇ ಕೂತಿದೆ. «ತುಂಗಾ, ಭದ್ರಾ ಸೇರುವ ಊರು?» ಅಂತ ಕೇಳು. ಉತ್ತರ ನೋಡುವ ಮೊದಲು ಬಾಯಿಬಿಟ್ಟು ಜೋರಾಗಿ ಹೇಳು, ಮನಸ್ಸಲ್ಲೇ ಅಂದುಕೊಂಡು ಮುಂದೆ ಹೋಗಬೇಡ. ಉಳಿದ 72 ಲೀಚ್ ಆದ ಮೇಲೆ ಮತ್ತೆ ಇಲ್ಲಿ ಹಾಕು, ನೋಡುತ್ತೇನೆ.