ಮೆಡಿಕೇಡ್ ಮುಟ್ಟಲ್ಲ ಅಂದಿದ್ದರಲ್ಲ ಟ್ರಂಪ್, ಈಗ ಮಾಡಿದ್ದು ಮಾತು ತಪ್ಪಿದ ಹಾಗಲ್ವಾ?

ಪ್ರಶ್ನೆ
ಅಮೆರಿಕದ ಮೆಡಿಕೇಡ್, ಅಂದರೆ ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಅದರ ಬಗ್ಗೆ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಬೇರೆ ರಿಪಬ್ಲಿಕನ್ನರ ಹಾಗೆ ನಾನಲ್ಲ, ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ), ಮೆಡಿಕೇಡ್ ಯಾವುದಕ್ಕೂ ಕತ್ತರಿ ಹಾಕಲ್ಲ ಅಂತ ಟ್ರಂಪ್ 2015ರಲ್ಲೇ ಹೇಳಿದ್ದರು. 2025ರ ಫೆಬ್ರವರಿಯಲ್ಲೂ ಅದೇ ಮಾತು, ವಂಚನೆ ಇದ್ದರೆ ಮಾತ್ರ ತೆಗೆಯುತ್ತೇವೆ ಅಂತ. ಅದೇ ವರ್ಷ ಜುಲೈ 4ಕ್ಕೆ ಸಹಿ ಹಾಕಿದ ತೆರಿಗೆ-ಖರ್ಚಿನ ಕಾನೂನು ನೋಡಿದರೆ ದೊಡ್ಡ ಹೊಡೆತ ಮೆಡಿಕೇಡ್‌ಗೇ ಬಿದ್ದಿದೆ. ಆದರೂ ಅವರ ಕಡೆಯವರು ಯಾರ ಸವಲತ್ತನ್ನೂ ಕಿತ್ತುಕೊಂಡಿಲ್ಲ ಅಂತಾರೆ. ಅದರಲ್ಲಿ ಏನಾದರೂ ಹುರುಳಿದೆಯಾ?

ಉತ್ತರ 1
ಮಾತು ತಪ್ಪಿದ್ದೇ, ಅನುಮಾನ ಬೇಡ. ಕಾಂಗ್ರೆಸ್‌ನದೇ ಬಜೆಟ್ ಕಚೇರಿ ಲೆಕ್ಕ ಹಾಕಿದೆ, ಅದು ಯಾವ ಪಕ್ಷದ್ದೂ ಅಲ್ಲ. ಹತ್ತು ವರ್ಷದಲ್ಲಿ ಮೆಡಿಕೇಡ್‌ಗೆ ಕೇಂದ್ರದ ಹಣ 90 ಸಾವಿರ ಕೋಟಿ ಡಾಲರ್‌ಗೂ ಜಾಸ್ತಿ ಕಡಿಮೆಯಾಗುತ್ತದೆ. ಇಡೀ ಕಾನೂನಿನಿಂದ 2034ರ ಹೊತ್ತಿಗೆ ಸುಮಾರು 1 ಕೋಟಿ ಜನ ವಿಮೆ ಇಲ್ಲದವರಾಗುತ್ತಾರೆ. ಇಷ್ಟು ದುಡ್ಡು ವಂಚನೆ ಹಿಡಿದು ಉಳಿಸೋಕೆ ಸಾಧ್ಯವೇ ಇಲ್ಲ.

"ಕಿತ್ತುಕೊಂಡಿಲ್ಲ" ಅನ್ನೋಕೆ ಅವರಿಗೆ ಧೈರ್ಯ ಬರೋದು ಯಾಕೆ ಅಂದರೆ, ಕಾನೂನು ನೇರವಾಗಿ ಯಾರ ಹೆಸರನ್ನೂ ಹೊಡೆಯಲ್ಲ. ಒಬಾಮಾ ಕಾಲದ ವಿಸ್ತರಣೆಯಲ್ಲಿ, ಅಂದರೆ ಆದಾಯ ಸ್ವಲ್ಪ ಜಾಸ್ತಿ ಇರೋ ವಯಸ್ಕರಿಗೂ ಮೆಡಿಕೇಡ್ ಕೊಟ್ಟಾಗ, ಸೇರಿದ 19ರಿಂದ 64 ವರ್ಷದವರು ತಿಂಗಳಿಗೆ 80 ಗಂಟೆ ಕೆಲಸ, ಓದು ಅಥವಾ ಸಮಾಜಸೇವೆ ಮಾಡಿದ್ದೀವಿ ಅಂತ ದಾಖಲೆ ತೋರಿಸಬೇಕು. ಜೊತೆಗೆ ಆರು ತಿಂಗಳಿಗೊಮ್ಮೆ ಅರ್ಹತೆಯ ಮರುತಪಾಸಣೆ. ಅರ್ಕನ್ಸಾ ರಾಜ್ಯದಲ್ಲಿ 2018ರಲ್ಲಿ ಇದೇ ನಿಯಮ ತಂದಾಗ ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಜಾಸ್ತಿ ಜನರ ವಿಮೆ ಹೋಯಿತು. ಮೊದಮೊದಲು ವೆಬ್‌ಸೈಟ್‌ನಲ್ಲೇ ವರದಿ ಕೊಡಬೇಕಿತ್ತು, ಅದು ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 7ಕ್ಕೆ ತೆರೆಯುತ್ತಿತ್ತು! ಕೂಲಿ ಮುಗಿಸಿ ತಡವಾಗಿ ಬರೋರು ಏನು ಮಾಡಬೇಕು? ಆಮೇಲೆ ಸಂಶೋಧಕರು ವಿಚಾರಿಸಿದಾಗ, ಈ ನಿಯಮದಡಿ ಬಂದವರಲ್ಲಿ ಬಹುಪಾಲು ಜನ ಆಗಲೇ ದುಡಿಯುತ್ತಿದ್ದರು, ಇಲ್ಲವೇ ವಿನಾಯಿತಿ ಸಿಗಬೇಕಾದವರು. ಕೆಲಸಕ್ಕೆ ಸೇರಿದವರ ಸಂಖ್ಯೆ ಹೆಚ್ಚಲೂ ಇಲ್ಲ. 2019ರಲ್ಲಿ ನ್ಯಾಯಾಲಯ ಅದನ್ನು ನಿಲ್ಲಿಸಿತು. ಅದೆಲ್ಲ ಗೊತ್ತಿದ್ದೂ ದೇಶದ ಮಟ್ಟಕ್ಕೆ ತಂದಿದ್ದಾರೆ, ಅದಕ್ಕೇ ನನಗೆ ಸಿಟ್ಟು.

ಉತ್ತರ 2
ಟ್ರಂಪ್ ಒಬ್ಬರನ್ನೇ ಯಾಕೆ ಹೇಳ್ತೀರಿ, ಮಿಸೌರಿ ರಾಜ್ಯದ ರಿಪಬ್ಲಿಕನ್ ಸೆನೆಟರ್ ಜೋಶ್ ಹಾಲಿ ಅವರನ್ನೂ ನೋಡಿ. ಆ ರಾಜ್ಯದ ಜನ 2020ರಲ್ಲಿ ತಾವೇ ಮತ ಹಾಕಿ ಮೆಡಿಕೇಡ್ ವಿಸ್ತರಣೆ ತಂದುಕೊಂಡರು. ದುಡಿಯುವ ಬಡವರ ವಿಮೆ ಕಡಿಯೋದು ನೈತಿಕವಾಗಿ ತಪ್ಪು ಅಂತ 2025ರ ಮೇ ತಿಂಗಳಲ್ಲಿ ಹಾಲಿ ಅವರೇ ಪತ್ರಿಕೆಗೆ ಬರೆದರು. ಜುಲೈ 1ಕ್ಕೆ ಅದೇ ಮಸೂದೆಗೆ ಹೌದು ಅಂದರು. ಅವತ್ತು ಸೆನೆಟ್‌ನಲ್ಲಿ ಮತ 50-50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಮತದಿಂದ ಪಾಸಾಯಿತು. ಹಾಲಿ ಒಬ್ಬರು ಇಲ್ಲ ಅಂದಿದ್ದರೆ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಅದೇ ತಿಂಗಳು, ಆ ಕಡಿತದ ಕೆಲವು ಭಾಗ ರದ್ದು ಮಾಡಿ ಅಂತ ಬೇರೆ ಮಸೂದೆ ತಂದರು! ನಾರ್ತ್ ಕ್ಯಾರೊಲಿನಾದ ಥಾಮ್ ಟಿಲ್ಲಿಸ್ ಅದೇ ಪಕ್ಷದವರು. ನಮ್ಮಲ್ಲಿ ಆರು ಲಕ್ಷಕ್ಕೂ ಜಾಸ್ತಿ ಜನರಿಗೆ ತೊಂದರೆ, ಇದು ಅಧ್ಯಕ್ಷರು ಕೊಟ್ಟ ಮಾತಿಗೇ ವಿರುದ್ಧ ಅಂತ ಸದನದಲ್ಲೇ ಹೇಳಿ ಇಲ್ಲ ಅಂತ ಮತ ಹಾಕಿದರು. ಮತ್ತೆ ಚುನಾವಣೆಗೆ ನಿಲ್ಲಲ್ಲ ಅಂತ ಆಗಲೇ ಘೋಷಿಸಿದ್ದರು, ಅದೂ ನಿಜ.

ಉತ್ತರ 3
ಇನ್ನೊಂದು ಮಗ್ಗುಲೂ ಇದೆ. ಕೈಕಾಲು ಗಟ್ಟಿ ಇರೋರು ಕೆಲಸ ಮಾಡಲಿ ಅನ್ನೋದು ಬಹಳ ಜನರಿಗೆ ಸರಿ ಅನಿಸುತ್ತದೆ. ಅಂಗವಿಕಲರು, ಗರ್ಭಿಣಿಯರು, ಚಿಕ್ಕ ಮಕ್ಕಳ ತಂದೆತಾಯಿಗೆ ವಿನಾಯಿತಿ ಇದೆ. ಹಳ್ಳಿ ಆಸ್ಪತ್ರೆಗಳಿಗೆ 5 ಸಾವಿರ ಕೋಟಿ ಡಾಲರ್ ನಿಧಿಯನ್ನೂ ಇಟ್ಟಿದ್ದಾರೆ.

ಉತ್ತರ 1
ಸರ್, ವಿನಾಯಿತಿ ಇರೋದನ್ನೂ ಕಾಗದದಲ್ಲಿ ಸಾಬೀತು ಮಾಡಬೇಕಲ್ಲ, ಅಲ್ಲೇ ಜನ ಬಿದ್ದುಹೋಗೋದು. ಹಳ್ಳಿ ನಿಧಿ ಐದು ವರ್ಷಕ್ಕೆ ಮಾತ್ರ. ಅತ್ತ ಆಸ್ಪತ್ರೆಗಳ ಮೇಲೆ ರಾಜ್ಯಗಳು ಹಾಕುವ ತೆರಿಗೆಯ ಮಿತಿಯನ್ನು ವಿಸ್ತರಣೆ ಒಪ್ಪಿದ ರಾಜ್ಯಗಳಲ್ಲಿ 6ರಿಂದ 3.5 ಶೇಕಡಕ್ಕೆ ಇಳಿಸುತ್ತಾ ಹೋಗುತ್ತಾರೆ. ಆ ತೆರಿಗೆಯಿಂದಲೇ ರಾಜ್ಯಗಳು ತಮ್ಮ ಪಾಲಿನ ಮೆಡಿಕೇಡ್ ದುಡ್ಡು ಹೊಂದಿಸೋದು.

ಪ್ರಶ್ನೆ ಕೇಳಿದವರು
ಜನರಿಗೆ ಇದರ ಬಿಸಿ ತಟ್ಟೋದು ಯಾವಾಗ?

ಉತ್ತರ 2
ಕೆಲಸದ ನಿಯಮಕ್ಕೆ ಕಾನೂನು ಕೊಟ್ಟ ಗಡುವು 2027ರ ಜನವರಿ. ಅಧ್ಯಕ್ಷರ ಅವಧಿಯ ನಡುವೆ ಕಾಂಗ್ರೆಸ್‌ಗೆ ನಡೆಯುವ ಮಧ್ಯಂತರ ಚುನಾವಣೆ 2026ರ ನವೆಂಬರ್. ಅಂದರೆ ಬಹುತೇಕ ಕಡೆ ಮತ ಹಾಕಿದ ಮೇಲೇ ಕಾರ್ಡ್ ಹೋಗೋದು. ಅಲ್ಲಿ ಮೆಡಿಕೇಡ್ ಇರೋರು ಯಾರಾದರೂ ನಿಮಗೆ ಗೊತ್ತಿದ್ದರೆ, ಈಗಲೇ ರಾಜ್ಯದ ಕಚೇರಿಯಲ್ಲಿ ವಿಳಾಸ, ಫೋನ್ ನಂಬರ್ ಸರಿ ಇದೆಯಾ ಅಂತ ನೋಡಿಕೊಳ್ಳೋಕೆ ಹೇಳಿ. ನೋಟಿಸ್ ಹಳೇ ವಿಳಾಸಕ್ಕೆ ಹೋದರೂ ವಿಮೆ ಹೋಗುತ್ತದೆ.