ಅಲ್ಟ್ರಾವೈಡ್ ತಂದಾಯ್ತು, ಈಗ ಗ್ರಾಫಿಕ್ಸ್ ಇಳಿಸಲೋ, ಎಫ್‌ಪಿಎಸ್ ಬಿಡಲೋ?

ಕ್ಯಾತಸಂದ್ರ ಗೇಮರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ 34 ಇಂಚಿನ ಅಲ್ಟ್ರಾವೈಡ್ ಮಾನಿಟರ್ ತಂದಿದ್ದೇನೆ. 3440×1440, 100 ಹರ್ಟ್ಜ್, ವಿಎ ಪ್ಯಾನೆಲ್ (ಎಲ್‌ಸಿಡಿಯ ಒಂದು ಬಗೆ), ಫ್ರೀಸಿಂಕ್ (ಫ್ರೇಮ್ ಬರುವ ವೇಗಕ್ಕೆ ಸ್ಕ್ರೀನ್ ಹೊಂದಿಕೊಳ್ಳುವ ಸೌಲಭ್ಯ) 48ರಿಂದ 100ರವರೆಗೆ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಹಳೆಯದೇ, ಎನ್‌ವಿಡಿಯಾದ ಆರ್‌ಟಿಎಕ್ಸ್ 3060 12 ಜಿಬಿ. ಪ್ರೊಸೆಸರ್ ರೈಜನ್ 5 5600. ಮೊದಲಿದ್ದ 24 ಇಂಚಿನ 1080ಪಿ ಮಾನಿಟರ್‌ನಲ್ಲಿ ಸೈಬರ್‌ಪಂಕ್ 2077 ಆಟ ಹೈ ಸೆಟ್ಟಿಂಗ್‌ನಲ್ಲಿ ಆರಾಮಾಗಿ 60 ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್, ಅಂದರೆ ಚಿತ್ರಗಳು) ಮೇಲೆ ಓಡುತ್ತಿತ್ತು. ಈಗ ಅದೇ ಸೆಟ್ಟಿಂಗ್‌ನಲ್ಲಿ 35ರ ಆಸುಪಾಸು. ಜನ ಗಿಜಿಗುಡುವ ಮಾರ್ಕೆಟ್ ಕಡೆ ಹೋದರೆ ಇನ್ನೂ ಕೆಳಗೆ. ಎಲ್ಲಾ ಲೋ ಮಾಡಿದರೆ ಓಡುತ್ತದೆ. ಆದರೆ ಇಷ್ಟು ದುಡ್ಡು ಹಾಕಿ ದೊಡ್ಡ ಸ್ಕ್ರೀನ್ ತಂದು ಲೋದಲ್ಲಿ ಆಡೋಕೆ ಮನಸ್ಸು ಬರುತ್ತಿಲ್ಲ. ಸಂಜೆ ಫ್ರೆಂಡ್ಸ್ ಜೊತೆ ವ್ಯಾಲರಂಟ್ (ಪೈಪೋಟಿಯ ಶೂಟಿಂಗ್ ಆಟ) ಕೂಡ ಆಡುತ್ತೇನೆ. ಯಾವುದನ್ನು ಇಳಿಸಲಿ, ಯಾವುದನ್ನು ಉಳಿಸಿಕೊಳ್ಳಲಿ?

ಶಿರಾ ಗೇಟ್ 144

ಎಲ್ಲಾ ಮೀಡಿಯಂಗೆ ಇಳಿಸಿ. ಚಿತ್ರ ಎಷ್ಟೇ ಚಂದ ಇದ್ದರೂ ಮೌಸ್ ತಿರುಗಿಸಿದಾಗ ತಡವರಿಸಿದರೆ ಆಟದ ಮಜಾನೇ ಹೋಗುತ್ತದೆ. 35 ಎಫ್‌ಪಿಎಸ್ ಅಂದರೆ ಒಂದು ಫ್ರೇಮ್‌ಗೆ 28 ಮಿಲಿಸೆಕೆಂಡ್‌ಗಿಂತ ಜಾಸ್ತಿ. 60ರಲ್ಲಿ ಅದು 16.7. ಅಗಲದ ಸ್ಕ್ರೀನ್‌ನಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ, ಯಾಕೆಂದರೆ ತಿರುಗಿದಾಗ ಕಣ್ಣಂಚಿನವರೆಗೂ ಚಿತ್ರ ಜರುಗುತ್ತದೆ.

ಮಧುಗಿರಿ ಬೆಟ್ಟ

ನಾನು ಒಪ್ಪಲ್ಲ ಗುರು. ಸೈಬರ್‌ಪಂಕ್ ಯಾರ ಜೊತೆಗೂ ಪೈಪೋಟಿ ಮಾಡೋ ಆಟ ಅಲ್ಲ. ರಾತ್ರಿ ಮಳೆ ನಿಂತ ಮೇಲೆ ಆ ರಸ್ತೆಯಲ್ಲಿ ನಿಧಾನಕ್ಕೆ ನಡೆದು ನೋಡಿ. ಅಂಗಡಿ ಬೋರ್ಡಿನ ಗುಲಾಬಿ ಬೆಳಕು ನಿಂತ ನೀರಿನಲ್ಲಿ ಕದಡಿಕೊಂಡು ಎರಡೂ ಬದಿಗೆ ಹರಡಿರುತ್ತದೆ. ಮಾಮೂಲಿ ಅಗಲದ 16:9 ಸ್ಕ್ರೀನ್‌ನಲ್ಲಿ ಆ ಬದಿಗಳೇ ಇರಲಿಲ್ಲ! ಅದನ್ನು ನೋಡೋಕೆ ತಾನೇ ಈ ಮಾನಿಟರ್ ತಂದಿದ್ದು? ಫ್ರೀಸಿಂಕ್ ಇದೆ. 45 ಬಂದರೂ ಚಿತ್ರ ಅಡ್ಡಕ್ಕೆ ಸೀಳಿದ ಹಾಗೆ ಹರಿಯೋದಿಲ್ಲ. ನಾನಾದರೆ ಒಂದೆರಡು ಮಾತ್ರ ಇಳಿಸಿ, ಉಳಿದದ್ದನ್ನು ಹೈನಲ್ಲೇ ಬಿಟ್ಟು 45ಕ್ಕೆ ತೃಪ್ತಿ ಪಡುತ್ತೇನೆ.

ತಿಪಟೂರು ಟೆಕ್

ಇಬ್ಬರೂ ಸ್ವಲ್ಪ ತಡೆಯಿರಿ. ಮೊದಲು ಲೆಕ್ಕ ನೋಡೋಣ. 1920×1080ರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. 3440×1440ರಲ್ಲಿ 49.5 ಲಕ್ಷ. ಹತ್ತಿರ ಹತ್ತಿರ 2.4 ಪಟ್ಟು. ಕಾರ್ಡ್ ಅದೇ, ಕೆಲಸ ಎರಡು ಪಟ್ಟಿಗಿಂತ ಜಾಸ್ತಿ. ಎಫ್‌ಪಿಎಸ್ ಬಿದ್ದಿದ್ದರಲ್ಲಿ ಆಶ್ಚರ್ಯ ಇಲ್ಲ, ಕಾರ್ಡ್ ಕೆಟ್ಟಿದೆ ಅಂತ ಹೆದರಬೇಡಿ.

ಆದರೆ ಎಲ್ಲವನ್ನೂ ಒಂದೇ ಸಲ ಮೀಡಿಯಂ ಮಾಡೋದು ಸರಿಯಾದ ದಾರಿ ಅಲ್ಲ. ಪ್ರತಿ ಸೆಟ್ಟಿಂಗೂ ಒಂದೇ ಬೆಲೆ ಕೇಳೋದಿಲ್ಲ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಹೈನಲ್ಲೇ ಇರಲಿ. ಅದು ತಿನ್ನೋದು ವಿಡಿಯೋ ಮೆಮೊರಿ. ನಿಮ್ಮ ಕಾರ್ಡ್‌ನಲ್ಲಿ 12 ಜಿಬಿ ಇರುವುದರಿಂದ ಎಫ್‌ಪಿಎಸ್ ಮೇಲೆ ಪರಿಣಾಮ ತೀರಾ ಕಡಿಮೆ. ಅನಿಸೋಟ್ರೋಪಿಕ್ ಫಿಲ್ಟರಿಂಗ್ 16ರಲ್ಲಿ ಇಟ್ಟರೂ ಖರ್ಚು ಇಲ್ಲದ ಹಾಗೇ. ದೂರದವರೆಗೆ ರಸ್ತೆ ಚೂಪಾಗಿ ಕಾಣೋದು ಅದರಿಂದಲೇ.

ಕತ್ತರಿ ಹಾಕಬೇಕಾದ್ದು ಬೇರೆ ಕಡೆ. ವಾಲ್ಯುಮೆಟ್ರಿಕ್ ಫಾಗ್ (ಮಂಜು), ವಾಲ್ಯುಮೆಟ್ರಿಕ್ ಕ್ಲೌಡ್ (ಮೋಡ) ಎರಡನ್ನೂ ಮೀಡಿಯಂ ಮಾಡಿ. ಆಡುವಾಗ ಮೋಡದ ಅಂಚು ಯಾರು ನೋಡುತ್ತಾರೆ? ಶ್ಯಾಡೋ ರೆಸಲ್ಯೂಶನ್ ಮೀಡಿಯಂ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ (ನೀರು, ನೆಲದಲ್ಲಿ ಕಾಣುವ ಪ್ರತಿಬಿಂಬ) ಎಲ್ಲಕ್ಕಿಂತ ಮೇಲಿನ 'ಸೈಕೋ'ದಲ್ಲಿ ಇದ್ದರೆ ಮೊದಲು ಅದನ್ನು ಇಳಿಸಿ, ಆದರೆ ಹೈಗಿಂತ ಕೆಳಗೆ ಹೋಗಬೇಡಿ. ಲೋ ಮಾಡಿದರೆ ಕಾಳುಕಾಳಾಗಿ ಕಾಣುತ್ತದೆ. ಮಧುಗಿರಿಯವರು ಹೇಳಿದ ಆ ನೀರಿನ ಬೆಳಕು ಅಲ್ಲೇ ಕೆಡೋದು. ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸೋದು) ಮಾತ್ರ ಈ ಕಾರ್ಡ್‌ನಲ್ಲಿ, ಈ ರೆಸಲ್ಯೂಶನ್‌ನಲ್ಲಿ ಬೇಡ.

ಇಷ್ಟಾದ ಮೇಲೆ ಡಿಎಲ್‌ಎಸ್‌ಎಸ್ (ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸುವ ಎನ್‌ವಿಡಿಯಾ ತಂತ್ರ) 'ಕ್ವಾಲಿಟಿ' ಆನ್ ಮಾಡಿ. ಆಗ ಕಾರ್ಡ್ ಒಳಗೆ ಚಿತ್ರ ಬಿಡಿಸೋದು ಸುಮಾರು 2293×960ರಲ್ಲಿ, ಅಂದರೆ 22 ಲಕ್ಷ ಪಿಕ್ಸೆಲ್. ನಿಮ್ಮ ಹಳೆ 1080ಪಿ ಮಾನಿಟರಿನ ಲೆಕ್ಕಕ್ಕೆ ವಾಪಸ್ ಬಂದ ಹಾಗಾಯ್ತು, ಅಲ್ವಾ? ಅದನ್ನು ಹಿಗ್ಗಿಸುವ ಕೆಲಸಕ್ಕೂ ಸ್ವಲ್ಪ ಸಮಯ ಹೋಗುತ್ತದೆ, ಹಾಗಾಗಿ ಪೂರ್ತಿ ಹಳೆ ಎಫ್‌ಪಿಎಸ್ ಬರೋದಿಲ್ಲ. ಹತ್ತಿರ ಬರುತ್ತದೆ.

ಶಿರಾ ಗೇಟ್ 144

ಅಪ್‌ಸ್ಕೇಲಿಂಗ್, ಅಂದರೆ ಈ ಹಿಗ್ಗಿಸುವ ಕೆಲಸ, ನನಗೆ ಇಷ್ಟವೇ ಇಲ್ಲ. ಓಡುವ ಕಾರಿನ ಹಿಂದೆ ಬಾಲ ಬಂದ ಹಾಗೆ ಮಸುಕು ಬರುತ್ತದೆ. ತಂತಿ, ಜಾಲರಿ ಎಲ್ಲಾ ಮಿಣಮಿಣ ಅನ್ನುತ್ತವೆ. ಅದಕ್ಕಿಂತ ಒರಿಜಿನಲ್ ರೆಸಲ್ಯೂಶನ್‌ನಲ್ಲಿ ಮೀಡಿಯಂ ಆಡೋದೇ ಲೇಸು.

ತಿಪಟೂರು ಟೆಕ್

ನೀವು ಹೇಳುವ ತೊಂದರೆ ಇರೋದು ನಿಜ. ಆದರೆ 1080ಪಿಯಲ್ಲಿ ಡಿಎಲ್‌ಎಸ್‌ಎಸ್ ಹಾಕಿದರೆ ಅದಕ್ಕೆ ಸಿಗೋದು 1280×720ರ ಚಿತ್ರ. ಇಲ್ಲಿ 960 ಸಾಲು ಸಿಗುತ್ತದೆ. ಮಾಹಿತಿ ಜಾಸ್ತಿ ಇದ್ದಷ್ಟೂ ಫಲ ಚೆನ್ನಾಗಿರುತ್ತದೆ. 2025ರ ಜನವರಿಯಲ್ಲಿ ಡಿಎಲ್‌ಎಸ್‌ಎಸ್ 4ರ ಜೊತೆ ಟ್ರಾನ್ಸ್‌ಫಾರ್ಮರ್ ಮಾಡೆಲ್ (ಹಿಗ್ಗಿಸುವ ಕೆಲಸ ಮಾಡುವ ಹೊಸ ಎಐ) ಬಂತು. ಅದು ಹಳೆ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲೂ ಓಡುತ್ತದೆ, ಸೈಬರ್‌ಪಂಕ್‌ನಲ್ಲಿ ಮೆನುವಿನಲ್ಲೇ ಇದೆ. ನೀವು ಹೇಳಿದ ಆ ಬಾಲ ತುಂಬಾ ಕಡಿಮೆಯಾಗಿದೆ. 30 ಸರಣಿಯ ಕಾರ್ಡ್‌ಗೆ ಅದು ಸ್ವಲ್ಪ ಭಾರ, ಕೆಲವು ಫ್ರೇಮ್ ಕೊಡಬೇಕಾಗುತ್ತದೆ. ನಾನಾದರೆ ಕೊಡುತ್ತೇನೆ. ಇನ್ನೂ ಚಿಕ್ಕ ಚಿತ್ರದಿಂದ ಹಿಗ್ಗಿಸುವ 'ಪರ್ಫಾರ್ಮೆನ್ಸ್' ಮೋಡ್ ಬಗ್ಗೆ ನೀವು ಹೇಳಿದ್ದರೆ ನಾನೂ ನಿಮ್ಮ ಕಡೆಯೇ.

ಬಂಗಾರಪೇಟೆ ಬ್ರೋ

ಕೋಲಾರ ಕಡೆಯಿಂದ ನಾನೂ ಒಂದು ಮಾತು. ಇಷ್ಟೆಲ್ಲಾ ಯಾಕೆ? ಫ್ರೇಮ್ ಜನರೇಷನ್ (ಎರಡು ಫ್ರೇಮ್ ಮಧ್ಯೆ ಇನ್ನೊಂದನ್ನು ತಾನೇ ಮಾಡಿ ತುಂಬೋದು) ಆನ್ ಮಾಡಿದರೆ 35 ಇದ್ದದ್ದು 60 ಆಗುತ್ತದೆ. ಎನ್‌ವಿಡಿಯಾದ್ದು 40 ಸರಣಿಯಿಂದ ಮೇಲಕ್ಕೆ ಮಾತ್ರ, ಆದರೆ ಎಎಮ್‌ಡಿಯ ಎಫ್‌ಎಸ್‌ಆರ್ 3ರದ್ದು 3060ರಲ್ಲೂ ಓಡುತ್ತದೆ.

ಶಿರಾ ಗೇಟ್ 144

ಮೀಟರ್‌ನಲ್ಲಿ 60 ಕಾಣುತ್ತದೆ ಅಣ್ಣ, ಕೈಗೆ 60 ಸಿಗೋದಿಲ್ಲ. ಮಧ್ಯೆ ತುಂಬಿದ ಫ್ರೇಮ್ ಮೌಸ್ ಮಾತು ಕೇಳೋದಿಲ್ಲ. ಮೇಲಿಂದ ಮುಂದಿನ ಫ್ರೇಮ್ ಬರುವವರೆಗೆ ಕಾಯಬೇಕು, ಅಲ್ಲಿ ಇನ್ನಷ್ಟು ತಡ. ನಿಜವಾದ 60 ಮೊದಲೇ ಇದ್ದು ಅದನ್ನು 100 ಮಾಡೋಕೆ ಆದರೆ ಸರಿ. 35ರ ಮೇಲೆ ಹಾಕಿದರೆ ಗುರಿ ಇಡುವಾಗ ಕೈ ಭಾರ ಅನಿಸುತ್ತದೆ.

ತಿಪಟೂರು ಟೆಕ್

ಈ ವಿಷಯದಲ್ಲಿ ಶಿರಾ ಗೇಟ್ ಅವರ ಮಾತೇ ಸರಿ.

ಮಧುಗಿರಿ ಬೆಟ್ಟ

ನನ್ನ 45ಕ್ಕೆ ಯಾರೂ ಉತ್ತರ ಕೊಡಲಿಲ್ಲ. ಫ್ರೀಸಿಂಕ್ ಇದ್ದ ಮೇಲೆ 60ರ ಹಠ ಯಾಕೆ?

ತಿಪಟೂರು ಟೆಕ್

ಕೊಡುತ್ತೇನೆ. ಈ ಮಾನಿಟರಿನ ಫ್ರೀಸಿಂಕ್ ಶುರುವಾಗೋದು 48ಕ್ಕೆ. ಅದಕ್ಕಿಂತ ಕೆಳಗೆ ಬಂದರೆ ಒಂದೊಂದು ಫ್ರೇಮನ್ನೂ ಎರಡು ಸಲ ತೋರಿಸುತ್ತದೆ. 45 ಬಂದರೆ ಪ್ಯಾನೆಲ್ 90 ಹರ್ಟ್ಜ್‌ನಲ್ಲಿ ಓಡುತ್ತದೆ. ಚಿತ್ರ ಹರಿಯೋದಿಲ್ಲ, ಅಲ್ಲಿಗೆ ನೀವು ಸರಿ. ಆದರೆ ಎಫ್‌ಪಿಎಸ್ 46, 50, 47 ಅಂತ ಆ ಗೆರೆಯ ಮೇಲೇ ಆಡುತ್ತಿದ್ದರೆ ರಿಫ್ರೆಶ್ (ಪ್ಯಾನೆಲ್ ಓಡುವ ಹರ್ಟ್ಜ್) ಕೂಡ ಮೇಲೆ ಕೆಳಗೆ ಜಿಗಿಯುತ್ತದೆ. ವಿಎ ಪ್ಯಾನೆಲ್‌ಗಳಲ್ಲಿ ಆಗ ಬೆಳಕು ಮಿನುಗೋದು ಜಾಸ್ತಿ. ನಿಮ್ಮ ಇಷ್ಟದ ಕತ್ತಲೆ ಬೀದಿಯಲ್ಲೇ ಅದು ಚೆನ್ನಾಗಿ ಕಾಣುತ್ತದೆ. ಅದಕ್ಕೇ ಸರಾಸರಿ ನೋಡಬೇಡಿ, ಅತಿ ಕೆಳಗೆ ಎಲ್ಲಿಗೆ ಬೀಳುತ್ತದೆ ಅನ್ನೋದನ್ನು ನೋಡಿ. ಮಾರ್ಕೆಟ್‌ನಲ್ಲಿ 50ಕ್ಕಿಂತ ಕೆಳಗೆ ಬರದ ಹಾಗೆ ಸೆಟ್ ಮಾಡಿದರೆ ಉಳಿದ ಕಡೆ ತಾನಾಗೇ ಸರಿಹೋಗುತ್ತದೆ.

ಕ್ಯಾತಸಂದ್ರದವರೇ, ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ್ದೀರಾ? ಎನ್‌ವಿಡಿಯಾ ಕಾರ್ಡ್‌ನಲ್ಲಿ ನಿಮ್ಮ ಮಾನಿಟರಿನ ಫ್ರೀಸಿಂಕ್ ಕೆಲಸ ಮಾಡೋಕೆ ಅದು ಬೇಕು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ (ಫ್ರೀಸಿಂಕ್‌ಗೂ ಅಲ್ಲಿ ಇದೇ ಆಯ್ಕೆ) ಆನ್ ಮಾಡಿ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 100 ಹರ್ಟ್ಜ್ ಇದೆಯಾ ಅಂತಲೂ ನೋಡಿ. ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತದೆ.

ಪಾವಗಡ ಬಿಸಿಲು

ನಮ್ಮ ಕಡೆಯ ಸಮಸ್ಯೆ ಬೇರೆ. ಇಲ್ಲಿ ಸೋಲಾರ್ ಪಾರ್ಕ್ ಮಾಡಿರೋದು ಸುಮ್ನೆ ಅಲ್ಲ, ಏಪ್ರಿಲ್‌ನಲ್ಲಿ ರೂಮ್ ಒಳಗೇ ಕಾದಿರುತ್ತದೆ. 3060 ಪೂರ್ತಿ ದುಡಿದರೆ 170 ವ್ಯಾಟ್. ಅಷ್ಟೂ ಶಾಖ ರೂಮಿಗೇ ಬರುತ್ತದೆ. ಕಾರ್ಡ್ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಮೊದಲ ಹತ್ತು ನಿಮಿಷ ಇದ್ದ ಎಫ್‌ಪಿಎಸ್ ಆಮೇಲೆ ಇರೋದಿಲ್ಲ. ಹಾಗಾಗಿ ಟೆಸ್ಟ್ ಮಾಡುವಾಗ ಅರ್ಧ ಗಂಟೆ ಆಡಿ ಆಮೇಲೆ ನೋಡಿ. ಎಫ್‌ಪಿಎಸ್‌ಗೆ ಮಿತಿ ಹಾಕಿ, ಹಗುರವಾದ ಆಟಗಳಲ್ಲಂತೂ ಹಾಕಲೇಬೇಕು. ಕರೆಂಟ್ ಹೋದಾಗ ಚಿಕ್ಕ 600 ವಿಎ ಯುಪಿಎಸ್ ಇದ್ದವರಿಗೆ ಇದು ಇನ್ನೂ ಮುಖ್ಯ. ಅವು ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಮಾತ್ರ ಎಳೆಯುತ್ತವೆ. ಪಿಸಿ, ಮಾನಿಟರ್ ಎರಡೂ ಸೇರಿ ಆ ಮಿತಿಯ ಹತ್ತಿರ ಬಂದುಬಿಡುತ್ತವೆ.

ಕ್ಯಾತಸಂದ್ರ ಗೇಮರ್

ತುಂಬಾ ಥ್ಯಾಂಕ್ಸ್. ಡಿಸ್‌ಪ್ಲೇಪೋರ್ಟ್‌ಗೆ ಬದಲಾಯಿಸಿ, ತಿಪಟೂರು ಅಣ್ಣ ಹೇಳಿದ ಹಾಗೆ ಫಾಗ್, ಕ್ಲೌಡ್, ಶ್ಯಾಡೋ ಮೀಡಿಯಂ ಮಾಡಿ, ಟೆಕ್ಸ್ಚರ್, ರಿಫ್ಲೆಕ್ಷನ್ ಹೈನಲ್ಲಿ ಬಿಟ್ಟೆ. ಡಿಎಲ್‌ಎಸ್‌ಎಸ್ ಕ್ವಾಲಿಟಿ. ಬೀದಿಯಲ್ಲಿ 60ರ ಹತ್ತಿರ ಬರುತ್ತಿದೆ. ಮಾರ್ಕೆಟ್‌ನಲ್ಲಿ ಮಾತ್ರ ಇನ್ನೂ 45ಕ್ಕೆ ಬೀಳುತ್ತದೆ. ಅಲ್ಲಿ ಏನು ಇಳಿಸಿದರೂ ಏರುತ್ತಿಲ್ಲ.

ತಿಪಟೂರು ಟೆಕ್

ಏನು ಇಳಿಸಿದರೂ ಏರದಿದ್ದರೆ ಅಲ್ಲಿ ಸುಸ್ತಾಗಿರೋದು ಕಾರ್ಡ್ ಅಲ್ಲ, ಪ್ರೊಸೆಸರ್. ಆ ಜಾಗದಲ್ಲಿ ಜಿಪಿಯು (ಕಾರ್ಡ್‌ನ ಚಿಪ್) ಬಳಕೆ ನೋಡಿ, ಶೇ. 90ಕ್ಕಿಂತ ಸಾಕಷ್ಟು ಕೆಳಗೆ ಇರಬೇಕು. ಅಲ್ಟ್ರಾವೈಡ್‌ನ 21:9ರಲ್ಲಿ ಬದಿಗಳಲ್ಲಿ ಜಾಸ್ತಿ ಜನ, ಜಾಸ್ತಿ ವಸ್ತು ಕಾಣುತ್ತವೆ, ಅವನ್ನೆಲ್ಲಾ ಪ್ರೊಸೆಸರೇ ಸಿದ್ಧ ಮಾಡಿ ಕೊಡಬೇಕು. ಕ್ರೌಡ್ ಡೆನ್ಸಿಟಿ ಮೀಡಿಯಂ ಮಾಡಿ. ಫೀಲ್ಡ್ ಆಫ್ ವ್ಯೂ (ಒಮ್ಮೆಗೆ ಕಾಣುವ ನೋಟದ ಅಗಲ) ಜಾಸ್ತಿ ಇಟ್ಟಿದ್ದರೆ ಸ್ವಲ್ಪ ಇಳಿಸಿ. ಅಗಲದ ಸ್ಕ್ರೀನ್‌ನಲ್ಲಿ ಅಂಚು ಎಳೆದ ಹಾಗೆ ಕಾಣೋದೂ ಅದರಿಂದ ಕಡಿಮೆಯಾಗುತ್ತದೆ.

ಮಧುಗಿರಿ ಬೆಟ್ಟ

ಜನ ಕಡಿಮೆಯಾದರೆ ಆ ಮಾರ್ಕೆಟ್ ಮಾರ್ಕೆಟ್ ಅನಿಸುತ್ತಾ? ನಾನಂತೂ ಆ ಒಂದು ಜಾಗದಲ್ಲಿ 45 ಸಹಿಸಿಕೊಳ್ಳುತ್ತೇನೆ.

ಕ್ಯಾತಸಂದ್ರ ಗೇಮರ್

ಕ್ರೌಡ್ ಮೀಡಿಯಂ ಮಾಡಿದೆ, 52ಕ್ಕೆ ನಿಂತಿತು. ಜನ ಸಾಕಷ್ಟು ಇದ್ದಾರೆ ಮಧುಗಿರಿ ಅಣ್ಣ, ನನಗೆ ಇಷ್ಟು ಸಾಕು. ವ್ಯಾಲರಂಟ್ ಒಂದು ಉಳಿಯಿತು.

ಶಿರಾ ಗೇಟ್ 144

ಅದು ಸುಲಭ. ವ್ಯಾಲರಂಟ್ 16:9ಗಿಂತ ಅಗಲದ ನೋಟ ಕೊಡೋದಿಲ್ಲ. 2560×1440 ಹಾಕಿ ಎರಡು ಬದಿ ಕಪ್ಪು ಪಟ್ಟಿ ಬಿಡಿ. ಮಧ್ಯದಲ್ಲಿ 27 ಇಂಚಿನ ಮಾನಿಟರ್‌ನಷ್ಟೇ ಚಿತ್ರ ಉಳಿಯುತ್ತದೆ, ಪಿಕ್ಸೆಲ್ ಕಾಲು ಭಾಗ ಕಡಿಮೆ. ಇಲ್ಲಿ ಚಂದ ನೋಡೋದು ಬೇಡ, ಎಲ್ಲಾ ಲೋ. ಶನಿವಾರ ಸಂಜೆ ನಮ್ಮ ಕಡೆ ಒಬ್ಬರು ಕಡಿಮೆ ಇದ್ದಾರೆ, ಐಡಿ ಮೆಸೇಜ್ ಮಾಡಿ.